ಟವೆಲ್ಲಿನ ಕೆಳಗಿನ ವಿದೇಶಾಂಗ ನೀತಿ

ನನ್ನ ಸೋದರಮಾವನಿಗೆ ಪಾಸ್‌ಪೋರ್ಟ್ ಇಲ್ಲ. ವಿಮಾನವನ್ನು ಅವನು ಕೆಳಗಿನಿಂದ ಮಾತ್ರ ನೋಡಿದ್ದಾನೆ. ಅವನು ಕಂಡ ಏಕೈಕ ವಿದೇಶವೆಂದರೆ ಆಂಧ್ರದ ರಾಯದುರ್ಗ. ಮೊಳಕಾಲ್ಮೂರಿನಲ್ಲಿ ಬಸ್ಸು ಹತ್ತಿದರೆ ಕಂಡಕ್ಟರು ಚಿಲ್ಲರೆ ಹುಡುಕಿ ಕೊಡುವಷ್ಟರಲ್ಲಿ ಬಂದುಬಿಡುವ ವಿದೇಶ ಅದು! ಆದರೂ ನಮ್ಮ ಚಳ್ಳಕೆರೆ, ಮೊಳಕಾಲ್ಮೂರು ತಾಲ್ಲೂಕುಗಳಲ್ಲಿ ರಾಯಭಾರ ಕಚೇರಿ ಸೇರಬೇಕು, ದೆಹಲಿಯಲ್ಲಿ ಇಂಟರ್ನ್‌ಶಿಪ್ ಮಾಡಬೇಕು, ದೇಶ ದೇಶಗಳ ನಡುವೆ ಸಂಧಾನ ನಡೆಸಬೇಕು ಎಂದು ಆಸೆಪಡುವ ಹುಡುಗ ಹುಡುಗಿಯರೆಲ್ಲ ಮಾರ್ಗದರ್ಶನಕ್ಕೆ ಹೋಗುವುದು ಅವನ ಹತ್ತಿರ.

ನನ್ನ ಹತ್ತಿರ ಅಲ್ಲ.

ನಾನು ಯಾರೆಂದು ಹೇಳಬೇಕಲ್ಲ. ಚಳ್ಳಕೆರೆಯ ಒಂದು ಸ್ನಾತಕೋತ್ತರ ಕೇಂದ್ರದಲ್ಲಿ ಅಂತರರಾಷ್ಟ್ರೀಯ ಸಂಬಂಧಗಳ ಎಂ.ಎ. ತರಗತಿಗೆ ಪಾಠ ಮಾಡುವ ಮೇಷ್ಟ್ರು ನಾನು. ಅದಲ್ಲದೆ ಅಲ್ಲಿನ ವೃತ್ತಿ ಮಾರ್ಗದರ್ಶನ ಮತ್ತು ಇಂಟರ್ನ್‌ಶಿಪ್ ಘಟಕದ ಸಂಚಾಲಕನೂ ನಾನೇ. ಘಟಕವೆಂದರೆ ಒಂದು ಕೋಣೆ. ಅದರಲ್ಲಿ ಒಂದು ಕಂಪ್ಯೂಟರು, ಗೋಡೆಯ ಮೇಲೆ ಜಗತ್ತಿನ ಭೂಪಟ, ತಿರುಗುವ ಕುರ್ಚಿ ಒಂದು, ತಿರುಗದ ಕುರ್ಚಿ ಎರಡು. ಬಾಗಿಲ ಬಳಿ ಬಂದವರು ಸಹಿ ಮಾಡಲು ಒಂದು ಪುಸ್ತಕವನ್ನೂ ಇಟ್ಟಿದ್ದೇನೆ. ಕಳೆದ ಸೆಮಿಸ್ಟರಿನಲ್ಲಿ ಅದರಲ್ಲಿ ಹನ್ನೊಂದು ಸಹಿಗಳಿದ್ದವು. ನಾಲ್ಕು ಸಹಿ ಫ್ಯಾನ್ ರಿಪೇರಿಯವನವು.

ನಾನು ಕಂಡದ್ದನ್ನು ಕಂಡಷ್ಟೇ ಹೇಳುವವನು. ಕಾಣದ್ದನ್ನು ಕಾಣಲಿಲ್ಲ ಎಂದೇ ಬರೆಯುತ್ತೇನೆ. ಕಳೆದ ಭಾನುವಾರ ಮಧ್ಯಾಹ್ನ ನಮ್ಮ ಮನೆಯಲ್ಲಿ ನಡೆದ ಸಂಗತಿಯವರೆಗೆ ಎಲ್ಲವನ್ನೂ ಕ್ರಮವಾಗಿ ಹೇಳಬೇಕು. ಹಾಗಾಗಿ ನಿಧಾನವಾಗಿ ಬರೆಯುತ್ತಿದ್ದೇನೆ. ಓದುವವರೂ ದಯವಿಟ್ಟು ಅವಸರ ಮಾಡಬಾರದು.

ಮಾವನ ಕಸುಬು ಎತ್ತಿನ ದಲ್ಲಾಳಿ. ಅವನಪ್ಪ, ಅಂದರೆ ನನ್ನ ತಾತ, ಅವನದೂ ಅದೇ ಕಸುಬು. ಎತ್ತಿನ ಸಂತೆಯಲ್ಲಿ ಬೆಲೆಯನ್ನು ಬಾಯಲ್ಲಿ ಕೂಗುವ ಪದ್ಧತಿ ಇಲ್ಲ. ದಲ್ಲಾಳಿ ತನ್ನ ಹೆಗಲ ಮೇಲಿನ ಟವೆಲ್ಲನ್ನು ಎದುರಿನವನ ಕೈ ಮೇಲೆ ಹಾಕುತ್ತಾನೆ. ಅದರ ಕೆಳಗೆ ಇಬ್ಬರ ಬೆರಳುಗಳು ಮಾತಾಡುತ್ತವೆ. ಸುತ್ತ ನಿಂತ ನೂರು ಜನಕ್ಕೆ ಕಾಣುವುದು ಅಲ್ಲಾಡುವ ಬಟ್ಟೆ ಮಾತ್ರ. ಮಾರುವವನು ಎಷ್ಟಕ್ಕೆ ಇಳಿದ, ಕೊಳ್ಳುವವನು ಎಷ್ಟಕ್ಕೆ ಏರಿದ ಎಂಬುದು ಇಬ್ಬರ ಜೊತೆಗೇ ಹೋಗುತ್ತದೆ. ಕೊನೆಗೆ ಐದೂ ಬೆರಳನ್ನು ಒಟ್ಟಿಗೆ ಹಿಡಿದು ಗಟ್ಟಿಯಾಗಿ ಅದುಮಿದರೆ ವ್ಯಾಪಾರ ಮುಗಿಯಿತು, ಇನ್ನು ಬಾಯಿ ಬಿಡಬಾರದು ಎಂದು ಅರ್ಥ. ಬಳ್ಳಾರಿ ರಸ್ತೆಯ ಸಂತೆಗಳಲ್ಲಿ ನನ್ನ ಮಾವ ಕನ್ನಡ, ತೆಲುಗು, ಉರ್ದು ಮೂರರಲ್ಲೂ ಬಾಯಲ್ಲಿ ಎತ್ತನ್ನು ಹೊಗಳುತ್ತಾ, ಬೆರಳಲ್ಲಿ ಸತ್ಯ ಹೇಳುತ್ತಾ ಮೂವತ್ತು ವರ್ಷ ಕಳೆದ.

ಆಮೇಲೆ ಟ್ರ್ಯಾಕ್ಟರುಗಳು ಬಂದವು. ಟ್ರ್ಯಾಕ್ಟರಿಗೆ ಹಲ್ಲು ಎಣಿಸುವ ಹಾಗಿಲ್ಲ, ಮೈಮೇಲಿನ ಕೂದಲ ಸುಳಿ ನೋಡಿ ದೋಷ ಹೇಳುವ ಹಾಗಿಲ್ಲ. ಮಾವನಿಗೆ ಬಿಡುವಾಯಿತು. ಹಳೆಯ ಸಂತೆ ಮೈದಾನದ ಅಂಚಿನಲ್ಲಿ ಒಂದು ಬೇವಿನ ಮರ, ಅದರ ಕೆಳಗೆ ಒಂದು ಕಲ್ಲು ಬೆಂಚು, ಪಕ್ಕದಲ್ಲಿ ಚಹಾ ಅಂಗಡಿ. ಅಲ್ಲಿ ಕೂರತೊಡಗಿದ. ನಮ್ಮ ಕೇಂದ್ರದ ಗೇಟಿನಿಂದ ಆ ಬೆಂಚಿಗೆ ಇನ್ನೂರ ಹದಿನಾಲ್ಕು ಹೆಜ್ಜೆ. ನಾನು ಅಳೆದಿದ್ದೇನೆ. ಹೊಟ್ಟೆಕಿಚ್ಚಿನಿಂದ ಅಲ್ಲ, ಡಾಕ್ಟರು ನನಗೆ ನಡೆಯಲು ಹೇಳಿದ್ದಾರೆ.

ಇದೆಲ್ಲ ಶುರುವಾದದ್ದು ಒಂದು ಬುತ್ತಿಯಿಂದ. ಆ ದಿನ ನಾನು ಊಟದ ಡಬ್ಬಿ ಮರೆತು ಹೋಗಿದ್ದೆ. ಅವ್ವ ಅದನ್ನು ಮಾವನ ಕೈಲಿ ಕಳಿಸಿದಳು. ನಾನು ತರಗತಿಯಲ್ಲಿದ್ದೆ. ಮಾವ ಘಟಕದ ಕೋಣೆಗೆ ಬಂದು, ತಿರುಗುವ ಕುರ್ಚಿಯಲ್ಲಿ ಕೂತು, ಎರಡು ಸುತ್ತು ತಿರುಗಿ ಪರೀಕ್ಷೆ ಮಾಡುತ್ತಿದ್ದನಂತೆ. ಅದೇ ಹೊತ್ತಿಗೆ ತಿಪ್ಪೇಶ ಎಂಬ ವಿದ್ಯಾರ್ಥಿ ತನ್ನ ಬಯೋಡಾಟಾ ಹಿಡಿದು ಬಂದ. ದೊಡ್ಡಉಳ್ಳಾರ್ತಿಯ ಹುಡುಗ. ಕುರ್ಚಿಯಲ್ಲಿದ್ದವನು ಘಟಕಕ್ಕೆ ಹೊಸದಾಗಿ ಬಂದ ತಜ್ಞ ಎಂದುಕೊಂಡು ಹಾಳೆ ಕೊಟ್ಟ. ನಾನು ಬಾಗಿಲಿಗೆ ಬಂದಾಗ ಕೇಳಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

"ಏನ್ ಬರೆದೈತೆ, ಓದು."

ತಿಪ್ಪೇಶ ಓದಿದ. ಸದಾ ಕ್ರಿಯಾಶೀಲ, ತಂಡದಲ್ಲಿ ಬೆರೆಯುವ ಗುಣ, ಸವಾಲುಗಳನ್ನು ಅವಕಾಶವಾಗಿ ಕಾಣುವ ದೃಷ್ಟಿ. ಅದು ನಾನು ಕೊಟ್ಟ ಮಾದರಿ. ಮೂವತ್ತೆಂಟು ಮಕ್ಕಳಿಗೂ ಅದನ್ನೇ ಕೊಟ್ಟಿದ್ದೆ.

"ಇದು ಯಾರ್ದಪ್ಪ?" ಎಂದ ಮಾವ.

"ನಂದೇ ರೀ."

"ನೀನೆಲ್ಲಿದ್ದೀಯ ಇದ್ರಾಗೆ? ಸುಳಿ ಎಲ್ಲೈತೆ?"

"ಸುಳಿ ಅಂದ್ರೆ?"

"ದೋಷ ಕಣಪ್ಪ. ಒಂದು ಎತ್ತು ತಂದು ಯಾವ ದೋಷಾನೂ ಇಲ್ಲ ಅಂದ್ರೆ ನಾನು ಮುಟ್ಟಲ್ಲ. ಬಾಲ ಎತ್ತಿ ನೋಡ್ತೀನಿ. ನಿಂದೇನ್ ಐತೆ ಹೇಳು."

ತಿಪ್ಪೇಶ ಹಾಳೆ ಮಡಚಿಕೊಂಡು ಹೇಳಿದ. ಅಪ್ಪನ ಕಾಲು ಮುರಿದಾಗ ಒಂದು ವರ್ಷ ಓದು ಬಿಟ್ಟು ಕಾವಲಿನ ಹುಲ್ಲುಗಾವಲಿನಲ್ಲಿ ಕುರಿ ಮೇಯಿಸಿದ್ದನಂತೆ. ಆ ವರ್ಷ ಮೇವಿನ ವಿಚಾರಕ್ಕೆ ಎರಡು ಊರಿನವರು ಕೋಲು ಹಿಡಿದು ನಿಂತಾಗ, ಯಾವ ದಿನ ಯಾರ ಕುರಿ ಎಲ್ಲಿ ಮೇಯಬೇಕು ಎಂದು ಇವನೇ ವಾರದ ಪಟ್ಟಿ ಮಾಡಿ ಇಬ್ಬರನ್ನೂ ಒಪ್ಪಿಸಿದ್ದನಂತೆ.

"ಅದನ್ನ ಮೇಲೆ ಬರೆ," ಎಂದ ಮಾವ. "ಈ ಕ್ರಿಯಾಶೀಲ ಗಿರಿಯಾಶೀಲ ಎಲ್ಲ ಅಳಿಸು."

ಅಳಿಸುವುದೇ! ನಾನು ಆ ಮಾದರಿಯನ್ನು ಸಿದ್ಧಪಡಿಸಲು ಎರಡು ರಜಾದಿನ ಕಳೆದಿದ್ದೆ! ಮುಂದಿನ ತಿಂಗಳು ತಿಪ್ಪೇಶನಿಗೆ ನೆಲ ಜಲದ ವಿವಾದಗಳನ್ನು ಅಧ್ಯಯನ ಮಾಡುವ ಒಂದು ಸಂಸ್ಥೆಯಲ್ಲಿ ಇಂಟರ್ನ್‌ಶಿಪ್ ಸಿಕ್ಕಿತು. ಉಳಿದ ಮೂವತ್ತೇಳು ಮಂದಿ ಕ್ರಿಯಾಶೀಲರಾಗಿಯೇ ಉಳಿದರು.

ಅಂದಿನಿಂದ ಬೆಂಚಿಗೆ ಜನ ಹೆಚ್ಚಿದರು. ಎದುರಿನ ಜೆರಾಕ್ಸ್ ಅಂಗಡಿಯಲ್ಲಿ ನಿಂತು ನೋಡಿದ್ದೇನೆ. ಒಂದು ಸಂಜೆ ಒಂಬತ್ತು ಜನ. ಇನ್ನೊಂದು ಸಂಜೆ ಹದಿಮೂರು. ನಾನು ಅಷ್ಟು ಜೆರಾಕ್ಸ್ ಯಾಕೆ ಮಾಡಿಸುತ್ತೇನೆ ಎಂದು ಅಂಗಡಿಯವನಿಗೇ ಅನುಮಾನ ಬಂದಿತ್ತು. ಒಂದೇ ಹಾಳೆಯನ್ನು ಆರು ಸಲ ಕೊಟ್ಟರೆ ಯಾರಿಗಾದರೂ ಬರುತ್ತದೆ.

"ಹೊಟ್ಟೆಕಿಚ್ಚು ಕಣೋ ನಿನಗೆ," ಎಂದಳು ಅವ್ವ.

"ಅಲ್ಲವ್ವ, ಅಸಿಡಿಟಿ."

ಅವ್ವನಿಗೆ ಮಾವನ ಮೇಲೆ ಬೇರೆ ಸಿಟ್ಟು ಇತ್ತು. ಹದಿನಾರು ವರ್ಷದ ಸಿಟ್ಟು. ನಮ್ಮ ಮನೆಯಲ್ಲಿ ಹೇಳುವ ಪ್ರಕಾರ ಅದು ಹೀಗೆ. ನನ್ನ ಎಂ.ಎ. ಮುಗಿದ ವರ್ಷ ನನಗೂ ದೆಹಲಿಯಿಂದ ಒಂದು ಕಾಗದ ಬಂದಿತ್ತು. ವಿದೇಶಾಂಗ ವಿಷಯಗಳ ಒಂದು ಅಧ್ಯಯನ ಸಂಸ್ಥೆಯಲ್ಲಿ ಆರು ತಿಂಗಳ ತರಬೇತಿ. ಊರೆಲ್ಲ ಸುದ್ದಿಯಾಯಿತು. ಅವ್ವ ಸೂಟ್‌ಕೇಸ್ ತಂದಳು. ಹೊರಡಲು ನಾಲ್ಕು ದಿನ ಇರುವಾಗ ಮಾವ ನನ್ನನ್ನು ಹಿತ್ತಲಿಗೆ ಕರೆದುಕೊಂಡು ಹೋದ. ವಾಪಸ್ ಬಂದವನೇ ನಡುಮನೆಯಲ್ಲಿ ನಿಂತು ಘೋಷಿಸಿದ, "ಇವನ್ನ ಕಳಿಸಬ್ಯಾಡ ಅಕ್ಕ. ದೆಹಲಿ ನೀರು ಇವನಿಗೆ ಆಗಲ್ಲ. ನಾನು ಬಿಡಲ್ಲ."

ದೆಹಲಿ ನೀರು! ಅವನು ದೆಹಲಿಯ ನೀರನ್ನು ಕುಡಿದಿದ್ದನೇ? ಕಂಡಿದ್ದನೇ? ಅವ್ವ ಬೈದಳು, ಅತ್ತಳು. ಅವನು ಜಪ್ಪಯ್ಯ ಅನ್ನಲಿಲ್ಲ. ನಾನು ಹೋಗಲಿಲ್ಲ. ಅಂದಿನಿಂದ ಅವ್ವ ತಮ್ಮನಿಗೆ ಒಂದು ಶಿಕ್ಷೆ ವಿಧಿಸಿದಳು. ಮನೆಗೆ ಬಂದರೆ ಊಟಕ್ಕೆ ಹಾಕುತ್ತಾಳೆ, ಆದರೆ ತುಪ್ಪ ಹಾಕುವುದಿಲ್ಲ. ತುಪ್ಪದ ಬಟ್ಟಲು ಎಲ್ಲರ ಮುಂದೆಯೂ ನಿಂತು, ಅವನ ತಟ್ಟೆಯ ಮುಂದೆ ಮಾತ್ರ ನಿಲ್ಲದ ಎಕ್ಸ್‌ಪ್ರೆಸ್ ರೈಲಿನ ಹಾಗೆ ಮುಂದೆ ಹೋಗುತ್ತದೆ. ಹದಿನಾರು ವರ್ಷದ ಹಬ್ಬಗಳಲ್ಲಿ ಅವನು ಒಣ ಹೋಳಿಗೆ ತಿಂದಿದ್ದಾನೆ. ಯಾರಾದರೂ ಕೇಳಿದರೆ, "ಡಾಕ್ಟರು ಬ್ಯಾಡ ಅಂದಾರೆ," ಎನ್ನುತ್ತಾನೆ. ಯಾವ ಡಾಕ್ಟರು ಎಂದು ಇವತ್ತಿಗೂ ಗೊತ್ತಿಲ್ಲ.

ಈಗ ನೀವೇ ಹೇಳಿ. ನನ್ನನ್ನು ತಡೆದವನು ಊರ ಮಕ್ಕಳನ್ನೆಲ್ಲ ಕಳಿಸುತ್ತಿದ್ದರೆ ನನಗೆ ಹೇಗಾಗಬೇಡ?

ಅನಸೂಯ ಬಂದದ್ದು ಇಂಥ ಹೊತ್ತಿನಲ್ಲಿ. ಆಂಧ್ರ ಗಡಿಗೆ ಅಂಟಿಕೊಂಡ, ರಾಂಪುರದ ಕಡೆಯ ಹಳ್ಳಿಯವಳು. ತಾಯಿ ಕೂಲಿಗೆ ಹೋಗುತ್ತಾರೆ. ತರಗತಿಯಲ್ಲಿ ಎಲ್ಲರಿಗಿಂತ ಮುಂದಿದ್ದಳು, ಆದರೆ ಬಾಯಿ ತೆರೆಯುತ್ತಿರಲಿಲ್ಲ. ನಾನು ಹೇಳಿಕೊಟ್ಟಂತೆ ನಲವತ್ತು ಸಂಸ್ಥೆಗಳಿಗೆ ಇಂಟರ್ನ್‌ಶಿಪ್ ಬೇಡಿ ಪತ್ರ ಬರೆದಿದ್ದಳು. ನಲವತ್ತರಲ್ಲಿ ಒಂದು ಉತ್ತರ ಬಂತು. ಅದೂ ಕಚೇರಿಗೆ ರಜೆ ಇದೆ ಎಂದು ಕಂಪ್ಯೂಟರು ತಾನಾಗಿಯೇ ಕಳಿಸುವ ಉತ್ತರ.

ಅವಳು ಬೆಂಚಿಗೆ ಹೋದ ದಿನ ನಾನು ಪಕ್ಕದ ಚಹಾ ಅಂಗಡಿಯಲ್ಲಿ ಆಕಸ್ಮಿಕವಾಗಿ ಇದ್ದೆ. ಮೂರನೆಯ ಚಹಾ ಕುಡಿಯುತ್ತಿದ್ದೆ.

"ನಲವತ್ತು ಕಡೆ ಏನಂತ ಬರೆದೆ?" ಎಂದ ಮಾವ.

"ಕೆಲಸ ಕೊಡ್ರಿ ಅಂತ ಬರೆದೆ ಯಜಮಾನ್ರೆ."

"ಸಂತೆಗೆ ಹೋದೋನು ಸೀದಾ ಎತ್ತಿನ ಹಗ್ಗ ಹಿಡಿತಾನೇನಮ್ಮ? ಮೊದ್ಲು ಚಾ ಅಂಗಡಿಗೆ ಹೋಗ್ತಾನೆ. ಯಾವ ಊರು, ಹೆಂಗೆ ಬಂದ್ರಿ, ದಾರಿ ಹೆಂಗೈತೆ ಅಂತ ಮಾತಾಡಿಸ್ತಾನೆ. ನೀನು ಕೆಲಸ ಕೇಳಬ್ಯಾಡ. ದಾರಿ ಕೇಳು. ಅಮ್ಮ, ನೀವು ಈ ಜಾಗಕ್ಕೆ ಹೆಂಗೆ ಬಂದ್ರಿ, ನನಗೂ ಸ್ವಲ್ಪ ಹೇಳ್ರಿ ಅಂತ. ದಾರಿ ಕೇಳಿದ್ರೆ ಯಾರೂ ಇಲ್ಲ ಅನ್ನಲ್ಲ."

ಆಮೇಲೆ ಇದ್ದಕ್ಕಿದ್ದಂತೆ ತೆಲುಗಿನಲ್ಲಿ ಕೇಳಿದ, "ಏಮ್ಮಾ, ಇಂಟ್ಲೋ ಏಂ ಮಾಟ್ಲಾಡ್ತಾರು?" ಮನೆಯಲ್ಲಿ ಯಾವ ಭಾಷೆ ಮಾತಾಡುತ್ತೀರಿ ಎಂದು. ಅನಸೂಯ ಥಟ್ಟನೆ ತೆಲುಗಿನಲ್ಲೇ ಉತ್ತರ ಕೊಟ್ಟಳು. ಎರಡು ವರ್ಷ ಪಾಠ ಮಾಡಿದ ನನಗೆ ಅವಳ ದನಿ ಅಷ್ಟು ದೊಡ್ಡದು ಎಂದೇ ಗೊತ್ತಿರಲಿಲ್ಲ.

"ಇದನ್ನ ಬರೆದಿದ್ದೀಯಾ ಆ ಹಾಳೇಲಿ?"

"ಇದೇನ್ ಬರೆಯೋದು ಯಜಮಾನ್ರೆ, ಮನೇಲಿ ಆಡೋ ಮಾತು."

"ನಿಮ್ಮ ಹಿತ್ತಲಾಚೆ ಬೇರೆ ರಾಜ್ಯ. ಅಲ್ಲಿ ಇಬ್ಬರು ಜಗಳ ಆಡಿದ್ರೆ ಇಬ್ಬರ ಮಾತೂ ನಿನಗೆ ತಿಳಿತೈತೆ. ದೆಹಲಿಯೋರಿಗೆ ತಿಳಿತೈತಾ?"

ಕೊನೆಗೆ ಅವನು ಟವೆಲ್ ಬಿಚ್ಚಿದ. ಇದು ಅವನ ಮಾರ್ಗದರ್ಶನದ ಕೊನೆಯ ಹಂತ. ಎಲ್ಲರಿಗೂ ಒಂದೇ ಪ್ರಶ್ನೆ. ಹೋಗಲು ಮನಸ್ಸು ಎಷ್ಟಿದೆ? ಐದು ಎಂದರೆ ಹೋಗಿಯೇ ತೀರುತ್ತೇನೆ ಎಂದು, ಒಂದು ಎಂದರೆ ಬೇರೆಯವರ ಬಲವಂತಕ್ಕೆ ಬಂದಿದ್ದೇನೆ ಎಂದು. ಹುಡುಗರಾದರೆ ಟವೆಲ್ಲಿನ ಕೆಳಗೆ ಬೆರಳು ಕೊಡಬೇಕು. ಹೆಣ್ಣುಮಕ್ಕಳಾದರೆ ಐದು ಶೇಂಗಾ ಬೀಜ ಕೊಟ್ಟು, ಬೇಕಾದಷ್ಟನ್ನು ಟವೆಲ್ಲಿನ ಕೆಳಗೆ ತನ್ನ ಅಂಗೈಗೆ ಹಾಕಲು ಹೇಳುತ್ತಾನೆ. ಬಾಯಲ್ಲಿ ಕೇಳಿದರೆ ಎಲ್ಲರೂ ಐದೇ ಅನ್ನುತ್ತಾರೆ, ಬಟ್ಟೆಯ ಕೆಳಗೆ ಸುಳ್ಳು ಹೇಳಲು ಬರುವುದಿಲ್ಲ ಎಂಬುದು ಅವನ ಸಿದ್ಧಾಂತ. ಅನಸೂಯಳ ಕೈ ಟವೆಲ್ಲಿನ ಕೆಳಗೆ ಹೋಯಿತು, ಬಂತು. ಮಾವ ಬೀಜವನ್ನು ಜೇಬಿಗೆ ಹಾಕಿಕೊಂಡು, "ನಾಳೆ ಬಾ," ಎಂದ.

ಅವಳು ಹೋದ ಮೇಲೆ ನಾನು ಚಹಾ ಲೋಟ ಇಟ್ಟು ಓಡಿ ಬಂದೆ. "ಎಷ್ಟು ಹಾಕಿದಳು ಮಾವ?"

"ಓ, ಇಲ್ಲೇ ಇದ್ದೀಯಾ ಅಳಿಯ? ಟವೆಲ್ ಕೆಳಗಿಂದು ಹೊರಗೆ ಬರಲ್ಲ."

"ನಾನು ಅವಳ ಮೇಷ್ಟ್ರು!"

"ನಿಮ್ಮ ತಾತ ಮಾಡಿಸಿದ ವ್ಯಾಪಾರ ನಿಮ್ಮಜ್ಜಿಗೇ ಗೊತ್ತಿರಲಿಲ್ಲ. ಹೋಗಲೇ, ಚಾ ಆರಿ ಹೋಗ್ತೈತೆ."

ಅನಸೂಯ ಮೂರು ಸಾಲಿನ ಪತ್ರ ಬರೆದು ದಾರಿ ಕೇಳಿದಳು. ಐದು ಜನಕ್ಕೆ ಬರೆದಳು, ನಾಲ್ವರು ಉತ್ತರಿಸಿದರು. ಅವರಲ್ಲಿ ಒಬ್ಬರು ಗಡಿ ಪ್ರದೇಶಗಳ ಬದುಕನ್ನು ಅಧ್ಯಯನ ಮಾಡುವ ದೆಹಲಿಯ ಸಂಸ್ಥೆಯಲ್ಲಿ ಇಂಟರ್ನ್‌ಗಳನ್ನು ತೆಗೆದುಕೊಳ್ಳುತ್ತಿದ್ದಾರೆ, ಅರ್ಜಿ ಹಾಕು ಎಂದರು. ಅಷ್ಟರಲ್ಲಿ ನಾನು ಏನು ಮಾಡಿದೆ ಎಂಬುದನ್ನೂ ಪ್ರಾಮಾಣಿಕವಾಗಿ ಹೇಳಬೇಕು. ಸೂಚನಾ ಫಲಕದಲ್ಲಿ ಒಂದು ಪ್ರಕಟಣೆ ಹಾಕಿದೆ. 'ವಿದ್ಯಾರ್ಥಿಗಳು ಅನಧಿಕೃತ ಮೂಲಗಳಿಂದ ವೃತ್ತಿ ಮಾರ್ಗದರ್ಶನ ಪಡೆಯಬಾರದು.' ಕೆಳಗೆ ನನ್ನ ಸಹಿ, ಮೊಹರು.

ಮಾವ ಯಾವುದೋ ನೆಪದಲ್ಲಿ ಬಂದು ಅದನ್ನು ನಿಧಾನವಾಗಿ ಓದಿದ. ನನ್ನ ಕೋಣೆಗೆ ಇಣುಕಿ ಹೇಳಿದ, "ಒಳ್ಳೇ ಮಾತು ಬರೆದೀಯ ಅಳಿಯ. ಯಾರವನು, ಆ ಅನಧಿಕೃತ?"

ಮಾರನೆಯ ದಿನ ನನ್ನ ಘಟಕಕ್ಕೆ ಒಟ್ಟಿಗೆ ನಾಲ್ವರು ವಿದ್ಯಾರ್ಥಿಗಳು ಬಂದರು. ನನಗೆ ಎಷ್ಟು ಸಂತೋಷವಾಯಿತೆಂದರೆ ತಿರುಗುವ ಕುರ್ಚಿಯನ್ನೇ ಅವರಿಗೆ ಬಿಟ್ಟುಕೊಟ್ಟೆ. "ಬನ್ನಿ ಬನ್ನಿ, ಪ್ರಕಟಣೆ ನೋಡಿ ಬಂದಿರೇನು?"

"ಇಲ್ಲ ಸಾರ್. ಯಜಮಾನ್ರು ಕಳಿಸಿದ್ರು. ಅರ್ಜಿ ತುಂಬೋದು, ತಾರೀಕು ನೋಡೋದು, ಇಂಗ್ಲಿಷ್ ತಿದ್ದೋದು ಎಲ್ಲ ನಮ್ಮ ಅಳಿಯ ಚೆನ್ನಾಗಿ ಮಾಡ್ತಾನೆ, ಅವನು ಓದಿದೋನು ಅಂದ್ರು."

ನನ್ನ ಬಳಿ ಬಂದವರೂ ಅವನು ಕಳಿಸಿದವರೇ! ಸಹಿ ಪುಸ್ತಕದಲ್ಲಿ ನಾಲ್ಕು ಸಹಿ ಹೆಚ್ಚಾದವು. ಅಸಿಡಿಟಿಯೂ ಹೆಚ್ಚಾಯಿತು.

ಅನಸೂಯಳ ಸಂದರ್ಶನ ವಿಡಿಯೋ ಕರೆಯಲ್ಲಿ, ನನ್ನ ಘಟಕದ ಕಂಪ್ಯೂಟರಿನಲ್ಲೇ ನಡೆಯಿತು. ಇಂಟರ್ನೆಟ್ ಕೈಕೊಟ್ಟರೆ ಎಂದು ನಾನು ಮೂಲೆಯಲ್ಲಿ, ಕ್ಯಾಮೆರಾಕ್ಕೆ ಕಾಣದಂತೆ ಕೂತಿದ್ದೆ. ಮೊದಲೇ ಹೇಳಿಕೊಟ್ಟಿದ್ದೆ. ನೇರ ಕೂರು, ಕೈಗಳು ಮೇಜಿನ ಮೇಲಿರಲಿ, ಕೈ ಆಡಿಸಬೇಡ. ಪರದೆಯ ಮೇಲೆ ಮೂವರು. ನಡುವೆ ಒಬ್ಬ ಹಿರಿಯ ಮಹಿಳೆ. ಮೊದಲ ಇಪ್ಪತ್ತು ನಿಮಿಷ ಚೆನ್ನಾಗಿಯೇ ನಡೆಯಿತು. ಆಮೇಲೆ ಆ ಮಹಿಳೆ ಇಂಗ್ಲಿಷಿನಲ್ಲಿ ಕೇಳಿದರು, "ಇಷ್ಟು ದೂರ, ಹೊಸ ಊರು. ನಿಜ ಹೇಳು, ನಿನಗೆ ಇಲ್ಲಿಗೆ ಬರಲು ಎಷ್ಟು ಮನಸ್ಸಿದೆ?"

ಅನಸೂಯಳ ಕೈ ತಾನಾಗಿ ದುಪಟ್ಟಾದ ಕೆಳಗೆ ಹೋಯಿತು. ಹೋದದ್ದು ಸುಮ್ಮನಿರಲಿಲ್ಲ! ದುಪಟ್ಟಾ ಸಮೇತ ಮುಂದೆ ಚಾಚಿ ಪರದೆಯ ಹತ್ತಿರ ಬಂತು. ಕ್ಯಾಮೆರಾ ಪೂರ್ತಿ ಮುಚ್ಚಿಹೋಯಿತು. ನಮ್ಮ ಪರದೆಯ ಮೂಲೆಯಲ್ಲಿ ಅವಳ ಮುಖ ಕಾಣುತ್ತಿದ್ದ ಚಿಕ್ಕ ಚೌಕ ಹಸಿರಾದದ್ದನ್ನು ನಾನು ನೋಡಿದೆ. ದೆಹಲಿಯ ಮೂವರು ವಿದ್ವಾಂಸರು ಹಸಿರು ದುಪಟ್ಟಾದಲ್ಲಿ ಮುಳುಗಿಹೋದರು!

"ಹಲೋ? ಹಲೋ?" ಎನ್ನುವ ಧ್ವನಿ ಬರುತ್ತಿತ್ತು. ಅನಸೂಯಳಿಗೆ ತಾನೇನು ಮಾಡಿದೆ ಎಂದು ಆಗ ಅರಿವಾಯಿತು. ಗಾಬರಿಯಲ್ಲಿ ಬಟ್ಟೆ ಸರಿಸಿದಳು. ಅಂಗೈ ಕ್ಯಾಮೆರಾದ ಮುಂದೆಯೇ ಇತ್ತು. ಅದರ ಮೇಲೆ ಐದು ಶೇಂಗಾ ಬೀಜ. ಧೈರ್ಯಕ್ಕೆಂದು ಬೆಳಿಗ್ಗೆಯಿಂದ ಅವಳು ಮುಷ್ಟಿಯಲ್ಲಿ ಹಿಡಿದುಕೊಂಡಿದ್ದಳಂತೆ.

ಮಹಿಳೆ ಇದೇನು ಎಂದರು. ಅನಸೂಯ ಮೊದಲು ತಡವರಿಸಿ, ಆಮೇಲೆ ಟವೆಲ್ ವ್ಯಾಪಾರವನ್ನು ವಿವರಿಸಿದಳು. ಬೆಲೆಯನ್ನು ಎಲ್ಲರೆದುರು ಕೂಗಿದರೆ ಆಮೇಲೆ ಇಳಿಯಲು ಇಬ್ಬರಿಗೂ ನಾಚಿಕೆ. ಬಟ್ಟೆಯ ಕೆಳಗಾದರೆ ಸೋತವನು ಯಾರೆಂದು ಯಾರಿಗೂ ತಿಳಿಯುವುದಿಲ್ಲ, ಆದ್ದರಿಂದ ಇಬ್ಬರೂ ಇಳಿಯುತ್ತಾರೆ. ಎರಡು ರಾಜ್ಯದವರು ಸೇರುವ ನಮ್ಮ ಸಂತೆಗಳು ನಡೆದದ್ದೇ ಹೀಗೆ ಎಂದಳು. ಸಂದರ್ಶನ ಅರ್ಧ ಗಂಟೆಯದು. ಒಂದು ಗಂಟೆ ಹತ್ತು ನಿಮಿಷ ನಡೆಯಿತು. ಸಂಧಾನ ಕಲೆಯ ಬಗ್ಗೆ ನಾನು ಹದಿನೆಂಟು ಗಂಟೆ ಪಾಠ ಮಾಡಿದ್ದೆ. ಅದರ ಒಂದು ವಾಕ್ಯವೂ ಆ ದಿನ ಬಳಕೆಗೆ ಬರಲಿಲ್ಲ.

ಆಯ್ಕೆಯಾದ ಸುದ್ದಿ ಬಂದಾಗ ಅವಳು ಗ್ರಂಥಾಲಯದಲ್ಲಿದ್ದಳು. ಕೂಗುತ್ತಾ ಓಡಿ ಬರುವುದು ನನ್ನ ಕಿಟಕಿಯಿಂದ ಕಂಡಿತು. ನಾನು ಎದ್ದು ನಿಂತೆ, ಮುಖದ ಮೇಲೆ ನಗು ಸಿದ್ಧಪಡಿಸಿಕೊಂಡೆ. ಅವಳು ಕಿಟಕಿ ದಾಟಿದಳು, ಗೇಟು ದಾಟಿದಳು, ಇನ್ನೂರ ಹದಿನಾಲ್ಕು ಹೆಜ್ಜೆಯನ್ನೂ ಓಡಿಯೇ ದಾಟಿದಳು. ನಾನು ಆ ನಗುವನ್ನು ಇಟ್ಟುಕೊಂಡು ಇಪ್ಪತ್ತೈದು ನಿಮಿಷ ನಿಂತಿದ್ದೆ. ಆಮೇಲೆ ಬಂದಳು, ನನ್ನ ಕಾಲಿಗೂ ನಮಸ್ಕಾರ ಮಾಡಿದಳು. ನಾನು ಎರಡನೆಯವನೂ ಅಲ್ಲ. ನಡುವೆ ಜೆರಾಕ್ಸ್ ಅಂಗಡಿಯವನಿಗೆ ಹೇಳಿ ಬಂದಿದ್ದಳು!

ಇನ್ನು ಭಾನುವಾರಕ್ಕೆ ಬರುತ್ತೇನೆ.

ಅಂದು ಸಂಜೆ ಅವಳು ಊರು ಬಿಡುವವಳಿದ್ದಳು. ಅವ್ವ ಮಧ್ಯಾಹ್ನ ಊಟಕ್ಕೆ ಕರೆದಿದ್ದಳು. ಹೋಳಿಗೆ ಮಾಡಿದ್ದಳು. ನಡುಮನೆಯಲ್ಲಿ ಮೂವರು ಸಾಲಾಗಿ ಕೂತೆವು. ಗೋಡೆಯ ಕಡೆ ಅನಸೂಯ, ನಡುವೆ ನಾನು, ನನ್ನ ಎಡಕ್ಕೆ ಮಾವ. ಅವ್ವ ತುಪ್ಪದ ಬಟ್ಟಲು ತಂದಳು. ಅನಸೂಯಳಿಗೆ ಹಾಕಿದಳು. ನನಗೆ ಹಾಕಿದಳು. ಬಟ್ಟಲು ಎಂದಿನಂತೆ ಮಾವನ ತಟ್ಟೆ ದಾಟಿ ಅಡುಗೆಮನೆಗೆ ಹೊರಟಿತು.

"ಯಜಮಾನ್ರಿಗೆ ಹಾಕಲಿಲ್ವಲ್ಲಮ್ಮ?" ಎಂದಳು ಅನಸೂಯ.

"ಡಾಕ್ಟರು ಬ್ಯಾಡ ಅಂದಾರಮ್ಮ," ಎಂದ ಮಾವ, ಒಣ ಹೋಳಿಗೆ ಮುರಿಯುತ್ತಾ.

ಸ್ವಲ್ಪ ಹೊತ್ತು ಎಲ್ಲರೂ ಉಂಡೆವು. ಆಮೇಲೆ ಆ ಹುಡುಗಿ ನನ್ನ ಕಡೆ ತಿರುಗಿ, ಯಾವ ಕೆಟ್ಟ ಉದ್ದೇಶವೂ ಇಲ್ಲದೆ ಕೇಳಿದಳು. "ಸಾರ್, ನಿಮಗೂ ದೆಹಲಿಯಿಂದ ಕಾಗದ ಬಂದಿತ್ತಂತೆ. ನೀವ್ಯಾಕ್ ಸಾರ್ ಹೋಗಲಿಲ್ಲ?"

ಅವ್ವ ಅಡುಗೆಮನೆಯ ಬಾಗಿಲಲ್ಲೇ ತಿರುಗಿ ನಿಂತಳು. "ಈ ಮಹಾನುಭಾವನ್ನ ಕೇಳಮ್ಮ. ಊರ ಮಕ್ಕಳಿಗೆಲ್ಲ ದಾರಿ ತೋರಿಸ್ತಾನೆ. ಸ್ವಂತ ಅಕ್ಕನ ಮಗನ ದಾರಿಗೆ ಅಡ್ಡ ಬಿದ್ದ. ದೆಹಲಿ ನೀರು ಆಗಲ್ವಂತೆ! ನನ್ನ ಮಗ ಇವತ್ತು ಎಲ್ಲಿರ್ತಿದ್ದ!"

"ಹೌದಕ್ಕ, ತಪ್ಪಾತು," ಎಂದ ಮಾವ. ತಲೆ ಎತ್ತಲಿಲ್ಲ. ಈ ಮಾತನ್ನು ನಾನು ಎಷ್ಟು ಸಲ ಕೇಳಿದ್ದೇನೆ ಎಂದು ಎಣಿಸಿಲ್ಲ. ಎಲ್ಲವನ್ನೂ ಎಣಿಸುವ ನಾನು ಅದನ್ನು ಮಾತ್ರ ಯಾಕೆ ಎಣಿಸಲಿಲ್ಲ?

"ಅವ್ವ," ಎಂದೆ.

ಅಷ್ಟೇ ಅಂದದ್ದು. ಮಾವನ ಹೆಗಲ ಟವೆಲ್ಲು ನನ್ನ ಎಡಗೈ ಮೇಲೆ ಬಂದು ಬಿತ್ತು. ಅದರ ಕೆಳಗೆ ಅವನ ಎಡಗೈ ನನ್ನ ಐದೂ ಬೆರಳನ್ನು ಒಟ್ಟಿಗೆ ಹಿಡಿದು ಗಟ್ಟಿಯಾಗಿ ಅದುಮಿತು. ಮುಗೀತು, ಬಾಯಿ ಬಿಡಬೇಡ.

ನಾನು ಕೈ ಬಿಡಿಸಿಕೊಂಡೆ.

"ಅವ್ವ, ಮಾವ ತಡೀಲಿಲ್ಲ. ಆವತ್ತು ಹಿತ್ತಲಲ್ಲಿ ಅವನು ಟವೆಲ್ ಹಾಕಿ ಕೇಳಿದ, ಹೋಗೋಕೆ ಮನಸ್ಸೆಷ್ಟೈತೆ ಅಂತ. ನಾನು ಎರಡು ಬೆರಳು ಕೊಟ್ಟೆ. ಇನ್ನೊಂದ್ಸಲ ಕೇಳಿದ, ಎರಡೇ ಕೊಟ್ಟೆ. ಮೂರನೇ ಸಲಾನೂ ಎರಡೇ. ನನಗೆ ಭಯ ಆಗಿತ್ತವ್ವ. ನನ್ನ ಇಂಗ್ಲಿಷ್ ಕೇಳಿ ನಗ್ತಾರೆ ಅಂತ. ಊರೆಲ್ಲ ಹೋಗ್ತೀನಿ ಹೋಗ್ತೀನಿ ಅಂತ ಹೇಳ್ಕೊಂಡು ತಿರುಗಿದ್ದೆ, ಹೋಗಲ್ಲ ಅನ್ನೋಕೆ ಮುಖ ಇರಲಿಲ್ಲ. ಅವನು ಟವೆಲ್ ಮಡಚಿಕೊಂಡು ಒಳಗೆ ಬಂದು ತಾನೇ ಬ್ಯಾಡ ಅಂದ."

ಮಾವ ಟವೆಲ್ಲನ್ನು ಹೆಗಲಿಗೆ ಹಾಕಿಕೊಂಡು ನನ್ನನ್ನು ಬೈದ. "ಥೂ, ದಲ್ಲಾಳಿ ಮನೇಲಿ ಹುಟ್ಟಿದೋನೇನೋ ನೀನು? ಸಂತೆ ಮಾತು ಹೊರಗೆ ಆಡ್ತಾನೆ."

ಆಮೇಲೆ ಬಾಯಿ ತೆರೆದವಳು ಅನಸೂಯ. "ನಾನು ಮೊದಲ ದಿನ ಒಂದೇ ಬೀಜ ಹಾಕಿದ್ದೆ ಸಾರ್," ಎಂದಳು ಮೆಲ್ಲಗೆ. "ಯಜಮಾನ್ರು ಏನೂ ಅನ್ನಲಿಲ್ಲ. ನಾಳೆ ಬಾ ಅಂದ್ರು. ದಿನಾ ಕೇಳ್ತಿದ್ರು. ಐದು ಆಗೋಕೆ ಏಳು ವಾರ ಆಯ್ತು."

ಏಳು ವಾರ! ನಾನು ಸತ್ಯ ಬರೆಯುತ್ತೇನೆ ಎಂದು ಮೊದಲೇ ಮಾತು ಕೊಟ್ಟಿದ್ದೇನೆ. ಆ ಕ್ಷಣದಲ್ಲಿ, ಕಣ್ಣಲ್ಲಿ ನೀರು ನಿಂತಿದ್ದ ಹೊತ್ತಿನಲ್ಲೂ, ನನಗೆ ಮೊದಲು ಬಂದದ್ದು ಹೊಟ್ಟೆಕಿಚ್ಚೇ. ನನ್ನನ್ನು ಒಂದೇ ಮಧ್ಯಾಹ್ನ ಕೇಳಿದ. ಅವಳನ್ನು ಏಳು ವಾರ ಕೇಳಿದ.

"ನನಗೂ ನಾಳೆ ಬಾ ಅನ್ನಬಹುದಿತ್ತಲ್ಲ ಮಾವ," ಎಂದೆ.

ಮಾವ ತಟ್ಟೆಯ ಅಂಚನ್ನು ಬೆರಳಿಂದ ಒರೆಸುತ್ತಿದ್ದ. ಒರೆಸುತ್ತಲೇ ಹೇಳಿದ. "ಆಗ ನನಗೆ ಅಷ್ಟು ಗೊತ್ತಿರಲಿಲ್ಲ ಅಳಿಯ. ಎತ್ತಿನ ವ್ಯಾಪಾರದಾಗೆ ಮೂರು ಸಲ ಕೇಳಿದ್ರೆ ಮುಗೀತು. ಮನುಷ್ಯರನ್ನ ಮತ್ತೆ ಮತ್ತೆ ಕೇಳಬೇಕು ಅಂತ ನಿನ್ನಿಂದಾನೇ ಕಲ್ತಿದ್ದು. ಆವತ್ತಿಂದ ಯಾರನ್ನೂ ಒಂದೇ ದಿನ ಕೇಳಿ ಬಿಟ್ಟಿಲ್ಲ."

ಅವ್ವ ಬಾಗಿಲಿಂದ ಬಂದಳು. ಮಂಡಿ ನೋವಿನಿಂದ ಅವಳು ನೆಲದ ಮೇಲೆ ಕೂರುವುದಿಲ್ಲ. ಅಂದು ತಮ್ಮನ ತಟ್ಟೆಯ ಮುಂದೆ ಕೂತಳು. ತುಪ್ಪದ ಬಟ್ಟಲನ್ನು ಪಕ್ಕಕ್ಕಿಟ್ಟಳು. ಅವನ ಹೆಗಲಿಂದ ಟವೆಲ್ಲನ್ನು ಎಳೆದು, ಅವನ ಎಡಗೈಯನ್ನೂ ತನ್ನ ಕೈಯನ್ನೂ ಸೇರಿಸಿ ಅದರಿಂದ ಮುಚ್ಚಿದಳು. ಅವ್ವನೂ ದಲ್ಲಾಳಿಯ ಮಗಳೇ ಎಂಬುದನ್ನು ನಾನು ಮರೆತೇ ಬಿಟ್ಟಿದ್ದೆ.

"ಎಷ್ಟು ಹಾಕಲಿ, ಹೇಳು," ಎಂದಳು.

ಬಟ್ಟೆ ಅಲ್ಲಾಡಿತು. ಬಹಳ ಹೊತ್ತು ಅಲ್ಲಾಡಿತು. ಅದರ ಕೆಳಗೆ ಅಕ್ಕ ತಮ್ಮ ಏನು ಮಾತಾಡಿದರು, ಅವನು ಎಷ್ಟು ಕೇಳಿದ, ನನಗೆ ಗೊತ್ತಿಲ್ಲ. ಕಾಣಲಿಲ್ಲ. ಟವೆಲ್ಲು ತೆಗೆದ ಮೇಲೆ ಕಂಡದ್ದನ್ನು ಮಾತ್ರ ಬರೆಯುತ್ತೇನೆ. ಅವ್ವ ಅವನ ಹೋಳಿಗೆಗೆ ಒಂದರ ಮೇಲೊಂದು ಚಮಚ ತುಪ್ಪ ಹಾಕಿದಳು. "ಸಾಕಕ್ಕ, ಸಾಕು," ಎನ್ನುತ್ತಲೇ ಇದ್ದ. ಅವಳು ನಿಲ್ಲಿಸಲಿಲ್ಲ.

ಹನ್ನೊಂದು ಚಮಚ. ನಾನು ಎಣಿಸಿದೆ. ನನಗೆ ಹಾಕಿದ್ದು ಎರಡೇ.